ಕರಗುವ ಶಿಲ್ಪ, ಕರಗದ ಚಿತ್ರ

ಕಣ್ಣಿಗೆ ಬಿದ್ದುದನ್ನೆಲ್ಲ ನೋಡಬಹುದೇ ಎಂಬ ಪ್ರಶ್ನೆ ಹಳೆಯದು. ನೋಡಿದುದನ್ನೆಲ್ಲ ಹಿಡಿದಿಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಅದಕ್ಕೆ ಹೋಲಿಸಿದರೆ ಹೊಸದು. ಛಾಯಾಚಿತ್ರದ ಯಂತ್ರ ಹುಟ್ಟುವ ಮುನ್ನ ಅದನ್ನು ಕೇಳುವ ಅಗತ್ಯವೇ ಇರಲಿಲ್ಲ. ಕಂಡ ದೃಶ್ಯವು ನೋಡಿದವನ ನೆನಪಿನಲ್ಲಿ ಕೆಲಕಾಲ ನಿಂತು, ಕ್ರಮೇಣ ಮಸುಕಾಗಿ, ಕೊನೆಗೆ ಅವನೊಡನೆಯೇ ಮರೆಯಾಗುತ್ತಿತ್ತು. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಒಂದು ಕ್ಯಾಮೆರಾ ಇದೆ. ಮದುವೆಯ ಮಂಟಪದಲ್ಲಿ, ಯಾತ್ರಾಸ್ಥಳದಲ್ಲಿ, ಆಸ್ಪತ್ರೆಯ ಹಾಸಿಗೆಯ ಬಳಿಯಲ್ಲಿ, ಕೆಲವೊಮ್ಮೆ ಸಾವಿನ ಮನೆಯಲ್ಲಿಯೂ ಅದು ಹೊರಬರುತ್ತದೆ. ಆದಕಾರಣ ಈ ಪ್ರಶ್ನೆ ಕಲಾವಿದರಿಗೂ ಪತ್ರಕರ್ತರಿಗೂ ಮಾತ್ರ ಸೇರಿದ್ದಾಗಿ ಉಳಿದಿಲ್ಲ. ಗೃಹಸ್ಥರಾದ ನಮ್ಮೆಲ್ಲರದೂ ಆಗಿದೆ. ನನ್ನ ಮಟ್ಟಿಗೆ ಈ ವಿಚಾರ ಮನಸ್ಸನ್ನು ಕೊರೆಯತೊಡಗಿದ್ದು ನಮ್ಮ ನಾಡಿನಲ್ಲಲ್ಲ, ಬಹುದೂರದ ಒಂದು ಹಿಮದ ನಗರದಲ್ಲಿ. ಅಲ್ಲಿ ನಡೆದ ಒಂದು ಸಣ್ಣ ಘಟನೆಯನ್ನೂ, ಅದರಿಂದ ಹುಟ್ಟಿದ ಜಿಜ್ಞಾಸೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕೆನಡಾ ದೇಶದ ರಾಜಧಾನಿಯಾದ ಒಟ್ಟಾವಾ ನಗರದಲ್ಲಿ 1979ರಿಂದ ಚಳಿಗಾಲದ ಉತ್ಸವವೊಂದು ನಡೆದುಬಂದಿದೆ. ಇಂಗ್ಲಿಷಿನವರು ಅದನ್ನು 'ವಿಂಟರ್‌ಲೂಡ್' ಎಂದೂ ಫ್ರೆಂಚರು 'ಬಾಲ್ ದ ನೇಜ್' ಎಂದೂ ಕರೆಯುತ್ತಾರೆ. ಒಟ್ಟಾವಾ ನದಿಯ ದಕ್ಷಿಣ ದಡದಲ್ಲಿ ಒಂಟಾರಿಯೊ ಪ್ರಾಂತಕ್ಕೆ ಸೇರಿದ ಒಟ್ಟಾವಾ ನಗರ; ಉತ್ತರ ದಡದಲ್ಲಿ ಕ್ವಿಬೆಕ್ ಪ್ರಾಂತಕ್ಕೆ ಸೇರಿದ ಗ್ಯಾಟಿನೋ ನಗರ. ಉತ್ಸವವು ಎರಡೂ ದಡಗಳಲ್ಲಿ ಹರಡಿಕೊಂಡಿರುತ್ತದೆ. ಈ ದಡದಲ್ಲಿ, ವಾಹನಗಳಿಲ್ಲದ ಸ್ಪಾರ್ಕ್ಸ್ ಬೀದಿಯಲ್ಲಿ, ಮಂಜುಗಡ್ಡೆಯ ಶಿಲ್ಪಗಳು. ಆ ದಡದ ಜಾಕ್ ಕಾರ್ಟಿಯೇ ಉದ್ಯಾನದಲ್ಲಿ ಹಿಮದ ಶಿಲ್ಪಗಳು, ಮಕ್ಕಳು ಜಾರುವ ಹಿಮದ ಇಳಿಜಾರುಗಳು. ನಗರದ ನಡುವೆ ಹಾದುಹೋಗುವ ರಿಡೋ ಕಾಲುವೆ 1832ರಲ್ಲಿ ತೆರೆದದ್ದು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ 7.8 ಕಿಲೋಮೀಟರ್ ಉದ್ದಕ್ಕೆ ಜನ ಅದರ ಮೇಲೆ ಜಾರುಪಾದುಕೆ ತೊಟ್ಟು ಓಡಾಡುತ್ತಾರೆ. 2022-23ರ ಚಳಿಗಾಲದಲ್ಲಿ ಮಾತ್ರ ಹವೆ ಬೆಚ್ಚಗಾಗಿ ಮಂಜುಗಡ್ಡೆ ಸಾಕಷ್ಟು ದಪ್ಪಗಟ್ಟಲಿಲ್ಲ. ಜಾರುಹಾದಿ ಆರಂಭವಾದ ಮೇಲೆ ಅರ್ಧ ಶತಮಾನದಲ್ಲಿ ಮೊದಲ ಬಾರಿಗೆ ಅದು ಒಂದು ದಿನವೂ ತೆರೆಯಲಿಲ್ಲ. ಇಡೀ ಉತ್ಸವವೇ ಶೈತ್ಯದ ಕೃಪೆಯ ಮೇಲೆ ನಿಂತಿದೆ ಎಂಬುದನ್ನು ಆ ವರ್ಷ ಎಲ್ಲರಿಗೂ ನೆನಪಿಸಿತು.

ಹಿಮ ಮತ್ತು ಮಂಜುಗಡ್ಡೆ ನಮಗೆ ಒಂದೇ ಎನಿಸಿದರೂ ಶಿಲ್ಪಿಗೆ ಅವು ಎರಡು ಬೇರೆ ದ್ರವ್ಯಗಳು. ಹಿಮವನ್ನು ಒತ್ತಿ ಗಟ್ಟಿಮಾಡಿ ದಿಂಡಾಗಿಸಿ ಕಡೆಯಬೇಕು. ಅದು ಸುಣ್ಣದಂತೆ ಬೆಳ್ಳಗೆ, ಬೆಳಕನ್ನು ಒಳಗೆ ಬಿಡದು. ಮಂಜುಗಡ್ಡೆಯೋ ಗಾಜಿನಂತೆ ಪಾರದರ್ಶಕವಾಗಿರಬೇಕು. ಅದಕ್ಕಾಗಿ ನೀರನ್ನು ತಳದಿಂದ ಮೇಲಕ್ಕೆ ನಿಧಾನವಾಗಿ ಹೆಪ್ಪುಗಟ್ಟಿಸುತ್ತ, ಮೇಲಿನ ನೀರನ್ನು ಸದಾ ಚಲಿಸುವಂತೆ ಮಾಡುತ್ತಾರೆ. ಆಗ ಗಾಳಿಯ ಗುಳ್ಳೆಗಳೂ ಕಶ್ಮಲಗಳೂ ಮೇಲಕ್ಕೆ ಸರಿದು, ಕೆಳಗಿನ ದಿಮ್ಮಿ ನಿರ್ಮಲವಾಗಿ ಉಳಿಯುತ್ತದೆ. ಒಂದೊಂದು ದಿಮ್ಮಿಯೂ ನೂರು ಕಿಲೋಗಿಂತ ಹೆಚ್ಚು ತೂಗುತ್ತದೆ. ಅದನ್ನು ಯಂತ್ರದ ಗರಗಸದಿಂದ ಸೀಳಿ, ಉಳಿಯಿಂದ ಕೆತ್ತಿ, ತುಂಡುಗಳ ಮೈಯನ್ನು ಬೆಚ್ಚಗಿನ ಲೋಹದ ಹಲಗೆಯಿಂದ ಸಮಮಾಡಿ ಒಂದಕ್ಕೊಂದು ಒತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಬೆಸೆದುಕೊಳ್ಳುತ್ತವೆ. ಚಳಿ ಅತಿಯಾದರೆ ಗಡ್ಡೆ ಪೆಡಸಾಗಿ ಚಿಟ್ಟನೆ ಸೀಳುತ್ತದೆ. ಬಿಸಿಲು ಬಿದ್ದರೆ ಅಂಚುಗಳು ಮೊಂಡಾಗುತ್ತವೆ. ಕಲ್ಲಿನ ಶಿಲ್ಪಿ ಒಂದು ಸಾವಿರ ವರ್ಷವನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿ ಹಿಡಿದರೆ, ಈತನು ಒಂದೆರಡು ವಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಡಿಯುತ್ತಾನೆ. ಆದರೆ ಕೈಯ ಶ್ರದ್ಧೆಯಲ್ಲಿ ಯಾವ ವ್ಯತ್ಯಾಸವನ್ನೂ ನಾನು ಕಾಣಲಿಲ್ಲ.

2025ರ ಫೆಬ್ರುವರಿಯಲ್ಲಿ ನಾನೂ ನನ್ನ ಪತ್ನಿಯೂ ಅಲ್ಲಿ ನೆಲೆಸಿರುವ ಮಗನ ಮನೆಯಲ್ಲಿದ್ದೆವು. ಛಾಯಾಗ್ರಹಣ ನನ್ನ ಹಳೆಯ ಹವ್ಯಾಸ. ಹಿಮದಲ್ಲಿ ಚಿತ್ರ ತೆಗೆಯುವುದು ಸುಲಭವಲ್ಲವೆಂದು ಮೊದಲ ದಿನವೇ ತಿಳಿಯಿತು. ಕ್ಯಾಮೆರಾದ ಬೆಳಕಿನ ಮಾಪಕವು ಜಗತ್ತೆಲ್ಲ ನಡುಬಣ್ಣದ ಬೂದಿಯಂತಿದೆ ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ಹೀಗಾಗಿ ಅಚ್ಚ ಬಿಳಿಯ ಹಿಮವನ್ನೂ ಅದು ಬೂದುಬಣ್ಣಕ್ಕೆ ಇಳಿಸಿಬಿಡುತ್ತದೆ. ಯಂತ್ರದ ಮಾತನ್ನು ಮೀರಿ ಬೆಳಕನ್ನು ಹೆಚ್ಚಿಸಿದರೆ ಮಾತ್ರ ಬಿಳಿಯದು ಬಿಳಿಯದಾಗಿ ಬರುತ್ತದೆ. ಮಂಜುಗಡ್ಡೆಗೆ ಎದುರಿನಿಂದ ಬೆಳಕು ಚೆಲ್ಲಿದರೆ ಅದು ಏನೂ ಇಲ್ಲದಂತೆ ಕಾಣುತ್ತದೆ; ಬೆಳಕು ಹಿಂದಿನಿಂದ ಬಂದಾಗಲೇ ಅದರ ರೂಪ ಎದ್ದು ನಿಲ್ಲುತ್ತದೆ. ಚಳಿಗೆ ಬ್ಯಾಟರಿ ಬೇಗನೆ ಸೋಲುತ್ತದೆ. ಅದನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡಿರಬೇಕು. ಇಷ್ಟೆಲ್ಲ ಕಷ್ಟಪಟ್ಟು ತೆಗೆದ ಚಿತ್ರದ ಮೇಲೆ ತೆಗೆದವನಿಗೆ ಒಂದು ಬಗೆಯ ಮಮಕಾರ ಹುಟ್ಟುತ್ತದೆ. ಈ ಮಮಕಾರವೇ ಮುಂದಿನ ತೊಡಕಿಗೆ ಕಾರಣವಾಯಿತು.

ಒಂದು ಸಂಜೆ ಸ್ಪಾರ್ಕ್ಸ್ ಬೀದಿಯಲ್ಲಿ ನಡುವಯಸ್ಸಿನ ಶಿಲ್ಪಿಯೊಬ್ಬನು ಉದ್ದ ಕೊರಳಿನ ಹಕ್ಕಿಯೊಂದನ್ನು ಕೆತ್ತುತ್ತಿದ್ದನು. ಎರಡು ರೆಕ್ಕೆಗಳೂ ಬಿಚ್ಚಿಕೊಂಡಿದ್ದವು. ಗರಿಗಳ ತುದಿ ಕಾಗದದಷ್ಟು ತೆಳುವಾಗಿತ್ತು. ಸುತ್ತಲೂ ಐವತ್ತು ಅರವತ್ತು ಮಂದಿ ನೆರೆದಿದ್ದರು. ನಾನು ದೂರದಿಂದ ಹತ್ತಿರಕ್ಕೆ ಎಳೆಯುವ ಮಸೂರದಲ್ಲಿ ಅವನ ಕೈಗಳನ್ನು ಹಿಂಬಾಲಿಸುತ್ತಿದ್ದೆ. ಇದ್ದಕ್ಕಿದ್ದಂತೆ ಒಣ ಕಟ್ಟಿಗೆ ಮುರಿದಂಥ ಸದ್ದಾಗಿ ಬಲರೆಕ್ಕೆ ಬುಡದಿಂದ ಕಳಚಿ ನೆಲಕ್ಕೆ ಬಿದ್ದು ನುಚ್ಚುನೂರಾಯಿತು. ಜನ 'ಅಯ್ಯೋ' ಎನ್ನುವಂತೆ ಉಸಿರೆಳೆದರು. ಶಿಲ್ಪಿ ಏನೂ ಹೇಳಲಿಲ್ಲ. ಬೋರಲು ಹಾಕಿದ್ದ ಒಂದು ಪೆಟ್ಟಿಗೆಯ ಮೇಲೆ ಕುಳಿತು, ಕೈಗವಸುಗಳನ್ನು ತೆಗೆದು, ಬರಿಗೈಗಳಿಂದ ಮುಖ ಒತ್ತಿಕೊಂಡನು. ನನ್ನ ಬೆರಳು ತಾನಾಗಿ ಒತ್ತುತ್ತಲೇ ಇತ್ತು. ಆರು ಚಿತ್ರಗಳು. ಐದನೆಯದರಲ್ಲಿ ಅವನು ಕೈ ಇಳಿಸಿ ನೇರವಾಗಿ ನನ್ನ ಮಸೂರವನ್ನೇ ನೋಡುತ್ತಿದ್ದಾನೆ. ಆ ನೋಟದಲ್ಲಿ ಕೋಪವಿರಲಿಲ್ಲ. ಬಚ್ಚಲಮನೆಯ ಬಾಗಿಲನ್ನು ಯಾರೋ ಅರಿಯದೆ ತೆರೆದಾಗ ಒಳಗಿದ್ದವರ ಮುಖದಲ್ಲಿ ಮೂಡುವ ಭಾವವಿತ್ತು. ನಾನು ಕ್ಷಮೆ ಕೇಳಬಹುದಿತ್ತು, ಕೈಯೆತ್ತಿ ವಂದಿಸಬಹುದಿತ್ತು. ಅದಾವುದನ್ನೂ ಮಾಡದೆ ಕ್ಯಾಮೆರಾವನ್ನು ಪಕ್ಕದ ಶಿಲ್ಪದತ್ತ ತಿರುಗಿಸಿ, ಅದನ್ನೇ ತೆಗೆಯುತ್ತಿದ್ದವನಂತೆ ನಟಿಸಿದೆ. ಆರನೆಯ ಚಿತ್ರ ಆ ನಟನೆಯದು. ಅದರಲ್ಲಿ ಏನೂ ಇಲ್ಲ.

ಮರುದಿನ ಮಧ್ಯಾಹ್ನ ಹೋದಾಗ ಶಿಲ್ಪ ಮುಗಿದಿತ್ತು, ಶಿಲ್ಪಿ ಇರಲಿಲ್ಲ. ಅವನು ಉಳಿದ ಎಡರೆಕ್ಕೆಯನ್ನು ಮೈಗೆ ತಾಗಿಸಿ ಮಡಿಚಿದಂತೆ ಮಾಡಿ, ಬಿದ್ದ ಚೂರುಗಳನ್ನು ಬುಡದಲ್ಲಿ ಗೂಡಿನಂತೆ ಜೋಡಿಸಿದ್ದನು. ಹಾರುವ ಹಕ್ಕಿ ಕಾವು ಕೂರುವ ಹಕ್ಕಿಯಾಗಿತ್ತು. ಜನ ಅದರ ಮುಂದೆ ನಿಂತು ನಗುತ್ತ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಹಿಂದಿನ ಸಂಜೆ ಅಲ್ಲಿ ಏನಾಯಿತೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಯಬಾರದೆಂದೇ ಶಿಲ್ಪಿ ರಾತ್ರಿಯೆಲ್ಲ ದುಡಿದಿರಬೇಕು. ಅವನು ಲೋಕಕ್ಕೆ ಕೊಟ್ಟದ್ದು ಈ ಹಕ್ಕಿಯನ್ನು. ನನ್ನ ಜೇಬಿನಲ್ಲಿದ್ದುದು ಅವನು ಕೊಡದೆ ಇದ್ದದ್ದು.

ಮನೆಗೆ ಬಂದು ಮಗನಿಗೆ ಹೇಳಿದೆ. "ಅದು ಸಾರ್ವಜನಿಕ ಬೀದಿ ಅಪ್ಪಾ, ಅಲ್ಲಿ ಯಾರೂ ಏನೂ ಕೇಳೋ ಹಾಗಿಲ್ಲ. ಆದರೆ ಸೇತುವೆ ದಾಟಿ ಆ ಕಡೆ ತೆಗೆದು ಎಲ್ಲಾದರೂ ಅಚ್ಚು ಹಾಕಿಸಿದ್ದರೆ ಮಾತು ಬೇರೆ" ಎಂದು ನಕ್ಕನು. ಅವನ ಮಾತಿನಲ್ಲಿ ಸತ್ಯವಿತ್ತು. ಒಂಟಾರಿಯೊದಲ್ಲಿ ಇಂಗ್ಲಿಷ್ ಸಂಪ್ರದಾಯದ ನ್ಯಾಯಪದ್ಧತಿ. ಬೀದಿಯಲ್ಲಿ ಕಂಡವರ ಚಿತ್ರವನ್ನು ಜಾಹೀರಾತು ಮುಂತಾದ ವ್ಯಾಪಾರಕ್ಕೆ ಬಳಸಿಕೊಂಡಾಗಲೇ ಮುಖ್ಯವಾಗಿ ಆಕ್ಷೇಪಕ್ಕೆ ಆಸ್ಪದ. ಕ್ವಿಬೆಕ್‌ನಲ್ಲಿ ಫ್ರೆಂಚ್ ಮೂಲದ ಸಿವಿಲ್ ಸಂಹಿತೆ. 1994ರಲ್ಲಿ ಜಾರಿಗೆ ಬಂದ ಅದರ 36ನೆಯ ವಿಧಿಯು, ಸಾರ್ವಜನಿಕರಿಗೆ ನ್ಯಾಯವಾದ ಮಾಹಿತಿ ನೀಡುವ ಉದ್ದೇಶವಿಲ್ಲದೆ ಒಬ್ಬರ ಹೆಸರು, ರೂಪ ಅಥವಾ ಧ್ವನಿಯನ್ನು ಬಳಸುವುದನ್ನು ಖಾಸಗಿ ಬದುಕಿನ ಮೇಲಿನ ಅತಿಕ್ರಮಣವೆಂದು ಗಣಿಸಬಹುದೆನ್ನುತ್ತದೆ.

ಈ ವಿಷಯದಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ನೀಡಿದ ತೀರ್ಪೊಂದು ಪ್ರಸಿದ್ಧವಾಗಿದೆ. ಮಾಂಟ್ರಿಯಲ್ ನಗರದ ಬೀದಿಯೊಂದರಲ್ಲಿ, ಕಟ್ಟಡದ ಮೆಟ್ಟಿಲುಗಳ ಮೇಲೆ ಕುಳಿತಿದ್ದ 17 ವರ್ಷದ ಹುಡುಗಿಯ ಚಿತ್ರವನ್ನು ಅವಳಿಗೆ ತಿಳಿಸದೆ ತೆಗೆದು, 1988ರಲ್ಲಿ ಕಲೆಗೆ ಮೀಸಲಾದ ಪತ್ರಿಕೆಯೊಂದು ಪ್ರಕಟಿಸಿತು. ಚಿತ್ರದಲ್ಲಿ ಅವಮಾನಕರವಾದದ್ದೇನೂ ಇರಲಿಲ್ಲ. ಆ ಸಂಚಿಕೆಯ 722 ಪ್ರತಿಗಳು ಮಾತ್ರ ಮಾರಾಟವಾಗಿದ್ದವು. ಆದರೂ ಸಹಪಾಠಿಗಳು ಅವಳನ್ನು ನೋಡಿ ನಕ್ಕರು. ಅವಳು ದಾವೆ ಹೂಡಿದಳು. ಒಬ್ಬರ ರೂಪದ ಮೇಲಿನ ಹಕ್ಕು ಅವರ ಖಾಸಗಿ ಬದುಕಿನ ಹಕ್ಕಿನ ಒಂದು ಅಂಗವೆಂದೂ, ಕಲೆಯ ಹೆಸರಿನಲ್ಲಿ ಅದನ್ನು ಮೀರಲಾಗದೆಂದೂ ಹೇಳಿ ನ್ಯಾಯಾಲಯದ ಬಹುಮತವು ಅವಳಿಗೆ 2,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ವಿನಾಯಿತಿಗಳೂ ಇವೆ: ಗುಂಪಿನ ಚಿತ್ರದಲ್ಲಿ ಪ್ರಾಸಂಗಿಕವಾಗಿ ಸಿಕ್ಕಿಬಿದ್ದವರು, ಸಾರ್ವಜನಿಕ ಸ್ಥಳದ ದೃಶ್ಯಕ್ಕೆ ಹಿನ್ನೆಲೆಯಾಗಿ ಬಂದವರು, ಸಾರ್ವಜನಿಕ ಜೀವನದಲ್ಲಿರುವವರು ಇದೇ ಬಗೆಯಲ್ಲಿ ಆಕ್ಷೇಪಿಸಲಾರರು. ತಪ್ಪೆನಿಸಿದ್ದು ಚಿತ್ರ ತೆಗೆದದ್ದಕ್ಕಿಂತ ಅದನ್ನು ಪ್ರಕಟಿಸಿದ್ದು ಎಂಬುದೂ ಗಮನಾರ್ಹ. ನಮ್ಮ ದೇಶದಲ್ಲಿಯೂ 2017ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ಹಾಗಾದರೆ ಸೇತುವೆಯ ನಡುವೆ ಎಲ್ಲಿಯೋ ಒಂದು ಗೆರೆಯಿದ್ದು, ಅದರ ಈಚೆ ನನ್ನ ಕೃತ್ಯ ನಿರ್ದೋಷ, ಆಚೆ ಸದೋಷ ಎನ್ನಬಹುದೇ? ಶಾಸನದ ಮಟ್ಟಿಗೆ ಅನ್ನಬಹುದು. ಆದರೆ ಆ ಶಿಲ್ಪಿಯ ಮುಖ ಎರಡೂ ದಡಗಳಲ್ಲಿ ಒಂದೇ ಆಗಿರುತ್ತಿತ್ತು. ಕಾನೂನು ನಾವು ಮೀರಬಾರದ ಎಲ್ಲೆಯನ್ನು ತೋರಿಸುತ್ತದೆ. ಎಲ್ಲೆಯ ಒಳಗಿರುವುದೆಲ್ಲ ಒಳ್ಳೆಯದೆಂದು ಅದು ಎಲ್ಲಿಯೂ ಹೇಳುವುದಿಲ್ಲ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತುಗಳು ದುರ್ಬಲವೇನೂ ಅಲ್ಲ. ಮೊದಲನೆಯದು: ಬೀದಿಗೆ ಬಂದವನು ತನ್ನನ್ನು ನೋಡಲು ಲೋಕಕ್ಕೆ ಅನುಮತಿ ಕೊಟ್ಟೇ ಬಂದಿದ್ದಾನೆ, ಅರವತ್ತು ಜನ ಕಣ್ಣಿನಿಂದ ನೋಡಿದ್ದನ್ನು ಒಬ್ಬನು ಮಸೂರದಿಂದ ನೋಡಿದರೆ ಹೆಚ್ಚಿನ ಹಾನಿಯೇನು? ಛಾಯಾಚಿತ್ರದಲ್ಲಿ ದಾಖಲಾದ ಮೊಟ್ಟಮೊದಲ ಮನುಷ್ಯನನ್ನೂ ಯಾರೂ ಕೇಳಿರಲಿಲ್ಲ. 1838ರಲ್ಲಿ ಲೂಯಿ ದಗೇರ್ ಎಂಬುವನು ಪ್ಯಾರಿಸ್ಸಿನ ಬೀದಿಯೊಂದನ್ನು ಎತ್ತರದ ಕಿಟಕಿಯಿಂದ ಚಿತ್ರಿಸಿದನು. ಬೆಳಕು ಫಲಕದ ಮೇಲೆ ಅಚ್ಚೊತ್ತಲು ನಿಮಿಷಗಳೇ ಬೇಕಾಗಿದ್ದುದರಿಂದ ಓಡಾಡುತ್ತಿದ್ದ ಜನ, ಬಂಡಿಗಳು ಒಂದೂ ಅದರಲ್ಲಿ ಮೂಡಲಿಲ್ಲ. ಒಂದೆಡೆ ನಿಂತು ಬೂಟು ಉಜ್ಜಿಸಿಕೊಳ್ಳುತ್ತಿದ್ದ ಒಬ್ಬನು ಮಾತ್ರ ಉಳಿದನು. ಅವನ ಹೆಸರು ಯಾರಿಗೂ ತಿಳಿಯದು. ಅವನಿಗೇನು ನಷ್ಟವಾಯಿತು?

ನಷ್ಟವಾಗಲಿಲ್ಲ, ನಿಜ. ಆದರೆ ಅದು ಗುರುತು ಸಿಗದ ಒಂದು ಕಿರಿಯ ಆಕೃತಿ, ಮುಖವಲ್ಲ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದು, ಕ್ಷಣಮಾತ್ರದಲ್ಲಿ ಚಿತ್ರ ತೆಗೆಯುವುದು ಎಲ್ಲರ ಕೈಗೆಟುಕಿದಾಗ ಸ್ಥಿತಿ ಬದಲಾಯಿತು. ಎರಡೇ ವರ್ಷಗಳಲ್ಲಿ, 1890ರಲ್ಲಿ, ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಇಬ್ಬರು ಅಮೆರಿಕದ ನ್ಯಾಯವಾದಿಗಳು ಖಾಸಗಿತನದ ಹಕ್ಕಿನ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಕ್ಷಣಿಕ ಛಾಯಾಚಿತ್ರಗಳ ಹಾವಳಿಯನ್ನೂ ಹೆಸರಿಸಿದರು. ಕಣ್ಣಿನ ನೋಟಕ್ಕೂ ಯಂತ್ರದ ನೋಟಕ್ಕೂ ಇರುವ ಅಂತರ ಅಂದೇ ಅವರಿಗೆ ಹೊಳೆದಿತ್ತು. ಕಣ್ಣಿನಿಂದ ನೋಡಿದವನು ತಾನೂ ಕಾಣಿಸಿಕೊಳ್ಳುತ್ತಾನೆ. ನೋಟಕ್ಕೆ ನೋಟ ಎದುರಾದಾಗ ನಾಚಿ ತಿರುಗುತ್ತಾನೆ. ಅಂದು ಆ ಅರವತ್ತು ಜನರಲ್ಲಿ ಬಹುಮಂದಿ ತಿರುಗಿದ್ದನ್ನು ನಾನು ಕಂಡೆ. ಯಂತ್ರ ತಿರುಗುವುದಿಲ್ಲ. ಅದು ಆ ಕ್ಷಣವನ್ನು ಆ ಸ್ಥಳದಿಂದ ಕಿತ್ತು, ಸಂದರ್ಭ ಗೊತ್ತಿಲ್ಲದ ಸಾವಿರ ಜನರ ಮುಂದೆ, ಸಾವಿರ ದಿನಗಳ ನಂತರವೂ ಹಿಡಿಯಬಲ್ಲದು.

ಎರಡನೆಯ ವಾದ ಇನ್ನೂ ಬಲವಾದುದು: ಕೇಳಿಯೇ ತೆಗೆಯಬೇಕೆಂದರೆ ಲೋಕದ ದುಃಖಕ್ಕೆ ಸಾಕ್ಷಿಯೇ ಇಲ್ಲದಂತಾಗುತ್ತದೆ. 1936ರಲ್ಲಿ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಕ್ಯಾಲಿಫೋರ್ನಿಯಾದ ಹೊಲವೊಂದರ ಬಳಿ, ಹಸಿದ ಮಕ್ಕಳನ್ನು ಅಪ್ಪಿಕೊಂಡು ಕುಳಿತಿದ್ದ ಒಬ್ಬ ವಲಸೆ ತಾಯಿಯ ಚಿತ್ರ ತೆಗೆದಳು. ಅವಳ ಹೆಸರನ್ನೂ ಕೇಳಲಿಲ್ಲ. ಚಿತ್ರ ಪತ್ರಿಕೆಯಲ್ಲಿ ಬಂದಾಗ ಸರಕಾರ ಆ ಬಿಡಾರಕ್ಕೆ ಆಹಾರ ಕಳುಹಿಸಿತು. ಆ ವೇಳೆಗೆ ಆ ತಾಯಿ ಮಕ್ಕಳೊಡನೆ ಬೇರೆಡೆಗೆ ಹೊರಟುಹೋಗಿದ್ದಳು. ಆ ಚಿತ್ರ ಜಗತ್ಪ್ರಸಿದ್ಧವಾಯಿತು. ನಾಲ್ಕು ದಶಕಗಳ ಬಳಿಕ ಅವಳು ಯಾರೆಂದು ತಿಳಿದುಬಂದಾಗ, ಆ ಚಿತ್ರವನ್ನು ತೆಗೆಯದೆ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಬಿಡಿಗಾಸೂ ಬರಲಿಲ್ಲ ಎಂಬರ್ಥದ ಮಾತುಗಳನ್ನಾಡಿದಳು. ಇಲ್ಲಿ ಬಹುಜನರ ಹಿತ ಒಂದು ತಕ್ಕಡಿಯಲ್ಲಿ, ಒಬ್ಬಳ ಸಂಕೋಚ ಇನ್ನೊಂದರಲ್ಲಿ. ಆ ಚಿತ್ರ ತೆಗೆದದ್ದು ತಪ್ಪೆಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ಹೆಸರು ಕೇಳದೆ ಹೊರಟದ್ದು, ನಂತರ ಹುಡುಕದೆ ಉಳಿದದ್ದು ಸರಿಯೆಂದೂ ಹೇಳಲಾರೆ. ಹಿತ ದೊಡ್ಡದಿದ್ದಾಗ ಅನುಮತಿಯ ನಿಯಮ ಸಡಿಲವಾಗಬಹುದು, ಋಣ ಸಡಿಲವಾಗುವುದಿಲ್ಲ. ಅದಿರಲಿ, ನನ್ನ ಚಿತ್ರದಿಂದ ಯಾರ ಹಸಿವು ನೀಗುತ್ತಿತ್ತು? ನನ್ನ ಹವ್ಯಾಸದ ಹಸಿವೊಂದನ್ನು ಬಿಟ್ಟರೆ ಬೇರಾವುದೂ ಇಲ್ಲ. ದೊಡ್ಡವರ ದೊಡ್ಡ ಕಾರಣವನ್ನು ನನ್ನ ಸಣ್ಣ ಆಸೆಗೆ ಹೊದಿಸುವುದು ಪ್ರಾಮಾಣಿಕವಾಗದು.

ಮೂರನೆಯ ವಾದವೊಂದಿದೆ, ಅದು ಶಿಲ್ಪಕ್ಕೆ ಸಂಬಂಧಿಸಿದ್ದು. ಕರಗಿಹೋಗುವುದನ್ನು ಉಳಿಸುವುದು ಪುಣ್ಯದ ಕೆಲಸವಲ್ಲವೇ? ಅಮೆರಿಕದ ವರ್ಮಾಂಟ್ ಪ್ರಾಂತದ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂಟಿ ಹಿಮಸ್ಫಟಿಕದ ಚಿತ್ರ ತೆಗೆದನು. 1931ರಲ್ಲಿ ತೀರಿಕೊಳ್ಳುವವರೆಗೆ ಐದು ಸಾವಿರಕ್ಕೂ ಹೆಚ್ಚು ಸ್ಫಟಿಕಗಳನ್ನು ಹೀಗೆ ಹಿಡಿದಿಟ್ಟನು. ಅವನು ಉಸಿರು ಬಿಗಿಹಿಡಿದು ತೆಗೆಯದಿದ್ದರೆ ಆ ಆರು ಕೋನಗಳ ಚೆಲುವು ನೀರಾಗಿ ಹೋಗುತ್ತಿತ್ತು. ಇಲ್ಲಿ ಯಾರಿಂದಲೂ ಏನನ್ನೂ ಕಸಿದಂತಾಗಲಿಲ್ಲ. ನಿಸರ್ಗದ ವಿಷಯದಲ್ಲಿ ಈ ಮಾತು ಒಪ್ಪತಕ್ಕದ್ದೇ. ಆದರೆ ಮನುಷ್ಯನು ಕರಗಲೆಂದೇ ಮಾಡಿದ ಶಿಲ್ಪದ ವಿಷಯ ಅಷ್ಟು ಸರಳವಲ್ಲ. ವಿಚಿತ್ರವೆಂದರೆ ಶಾಸನವೂ ಇಲ್ಲಿ ತಡವರಿಸುತ್ತದೆ. ಸಾರ್ವಜನಿಕ ಸ್ಥಳದಲ್ಲಿ 'ಶಾಶ್ವತವಾಗಿ' ನೆಲೆಗೊಂಡ ಶಿಲ್ಪದ ಚಿತ್ರವನ್ನು ಯಾರು ಬೇಕಾದರೂ ತೆಗೆದು ಪ್ರಕಟಿಸಬಹುದು ಎಂಬುದು ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣದಲ್ಲಿದೆ. ಕೆನಡಾದ ಶಾಸನದಲ್ಲಿಯೂ ಅಂಥದೇ ಮಾತಿದೆ. ಹಾಗಾದರೆ ಎರಡು ವಾರದ ಹಕ್ಕಿ ಶಾಶ್ವತವೇ? ಕ್ರಿಸ್ಟೊ ಮತ್ತು ಜೀನ್ ಕ್ಲಾಡ್ ದಂಪತಿಗಳು 1995ರಲ್ಲಿ ಬರ್ಲಿನ್ನಿನ ಸಂಸತ್ ಭವನವನ್ನು ಎರಡು ವಾರಗಳ ಕಾಲ ಬಟ್ಟೆಯಿಂದ ಸುತ್ತಿದ್ದರು. ಅದರ ಚಿತ್ರದ ಕಾರ್ಡುಗಳನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ, ಏಕೆಂದರೆ ಆ ಕೃತಿ ಶಾಶ್ವತವಾದುದಲ್ಲ ಎಂದು 2002ರಲ್ಲಿ ಜರ್ಮನಿಯ ಉಚ್ಚತಮ ನ್ಯಾಯಾಲಯ ತೀರ್ಮಾನಿಸಿತು. ಆದರೆ ಹಿಮ, ಮಂಜುಗಡ್ಡೆಗಳ ಶಿಲ್ಪ ತನ್ನ ಸಹಜ ಆಯುಷ್ಯ ಮುಗಿಯುವವರೆಗೆ ಅಲ್ಲೇ ಇರುವುದಾದರೆ ಅದನ್ನು ಶಾಶ್ವತವೆಂದೇ ಎಣಿಸಬೇಕೆಂದು ಆ ದೇಶದ ನ್ಯಾಯಪಂಡಿತರು ವಾದಿಸುತ್ತಾರೆ. ತನ್ನ ಆಯುಷ್ಯವನ್ನು ಪೂರ್ತಿಯಾಗಿ ಒಂದೆಡೆ ಕಳೆದದ್ದು ಅಲ್ಲಿ ಶಾಶ್ವತವಾಗಿತ್ತು ಎನ್ನುವ ಈ ವಿಚಾರ ಕಾನೂನಿನ ಪುಸ್ತಕದಲ್ಲಿ ಹುಟ್ಟಿದ್ದಾದರೂ ಮನನ ಮಾಡತಕ್ಕದ್ದು.

ಈ ಎಲ್ಲ ವಿಚಾರಗಳನ್ನು ತೂಗಿನೋಡಿದಾಗ ನನಗೆ ತೋರಿದ್ದಿಷ್ಟು. ಚಿತ್ರ 'ತೆಗೆಯುವುದು' ಎಂದು ನಾವು ಒಂದೇ ಕ್ರಿಯಾಪದದಲ್ಲಿ ಹೇಳುವುದರಲ್ಲಿ ಮೂರು ಕೃತ್ಯಗಳಿವೆ: ಸೆರೆಹಿಡಿಯುವುದು, ಇಟ್ಟುಕೊಳ್ಳುವುದು, ಇತರರಿಗೆ ಕೊಡುವುದು. ಮೊದಲನೆಯದು ಅನೇಕ ವೇಳೆ ಕ್ಷಣಾರ್ಧದಲ್ಲಿ, ವಿಚಾರಕ್ಕೆ ಎಡೆಯಿಲ್ಲದೆ ನಡೆದುಹೋಗುತ್ತದೆ. ಅಲ್ಲಿ ಆಗುವ ತಪ್ಪು ಪ್ರಮಾದದಿಂದ ಆದದ್ದು. ಎರಡನೆಯದಕ್ಕೂ ಮೂರನೆಯದಕ್ಕೂ ಸಾಕಷ್ಟು ಸಮಯವಿರುತ್ತದೆ. ಅಲ್ಲಿ ಆಗುವ ತಪ್ಪು ಅರಿತು ಮಾಡಿದ್ದು. ಕೊಡದುದನ್ನು ತೆಗೆದುಕೊಳ್ಳಬಾರದೆಂಬ ಅಣುವ್ರತವನ್ನು ನಾವು ಹಣಕ್ಕೂ ವಸ್ತುವಿಗೂ ಅನ್ವಯಿಸಿ ಸುಮ್ಮನಾಗುತ್ತೇವೆ. ಒಬ್ಬನ ಸೋಲಿನ ಮುಖ ವಸ್ತುವಲ್ಲ, ನಿಜ. ತೆಗೆದುಕೊಂಡರೆ ಅವನಲ್ಲಿ ಕಡಿಮೆಯಾಗುವುದೂ ಇಲ್ಲ. ಆದರೂ ಅದು ಅವನದು. ಕಳ್ಳತನದಲ್ಲಿ ಕೆಟ್ಟದ್ದು ವಸ್ತುವಿನ ನಷ್ಟವೊಂದೇ ಆಗಿದ್ದರೆ, ಪರರ ಕಾಗದವನ್ನು ಓದಿ ಮೊದಲಿನಂತೆ ಮಡಿಚಿಡುವುದರಲ್ಲಿ ತಪ್ಪಿರಬಾರದಾಗಿತ್ತು. ತಪ್ಪಿದೆ ಎಂದು ನಮಗೆಲ್ಲ ಗೊತ್ತು.

ಹಾಗೆಂದು ಉತ್ಸವದಲ್ಲಿ ಕ್ಯಾಮೆರಾವನ್ನೇ ಒಯ್ಯಬಾರದೆಂದು ನನ್ನ ಅಭಿಪ್ರಾಯವಲ್ಲ. ಜಾರುವ ಮಕ್ಕಳ ಗುಂಪು, ದೀಪದ ಬೆಳಕಿನಲ್ಲಿ ನಡೆಯುವ ಜನಸಂದಣಿ, ತಾವಾಗಿ ನಿಂತು ನಗುವ ಕುಟುಂಬ, ಮುಗಿಸಿ ಒಪ್ಪಿಸಿದ ಶಿಲ್ಪ ಇವೆಲ್ಲ ಲೋಕಕ್ಕೆ ಕೊಟ್ಟವು. ಗುಂಪಿನಿಂದ ಒಬ್ಬನನ್ನು ಬೇರ್ಪಡಿಸಿ, ಅವನು ದುರ್ಬಲನಾಗಿರುವ ಗಳಿಗೆಯನ್ನು ಆರಿಸಿಕೊಂಡಾಗಲೇ ಪ್ರಶ್ನೆ ಏಳುತ್ತದೆ. ಆಗ ಮಾಡಬಹುದಾದದ್ದು ಕಠಿಣವೇನಲ್ಲ: ತೆಗೆದಾದ ಮೇಲಾದರೂ ಹತ್ತಿರ ಹೋಗಿ ತೋರಿಸುವುದು, ಬೇಡವೆಂದರೆ ಅಳಿಸುವುದು. ಭಾಷೆ ಬಾರದಿದ್ದರೂ ಕೈಸನ್ನೆ ಸಾಕು. ನಾನು ಅದನ್ನು ಮಾಡಲಿಲ್ಲ. ನನ್ನ ತಪ್ಪು ಬೆರಳು ಒತ್ತಿದ್ದರಲ್ಲಿ ಇದ್ದದ್ದಕ್ಕಿಂತ, ಅವನ ನೋಟ ನನ್ನನ್ನು ಮುಟ್ಟಿದಾಗ ಬೇರೆಡೆಗೆ ತಿರುಗಿ ನಟಿಸಿದ್ದರಲ್ಲಿ ಹೆಚ್ಚಾಗಿತ್ತು.

ಊರಿಗೆ ಮರಳಿದ ಮೇಲೆ ಈ ಕಥೆಗೆ ಇನ್ನೊಂದು ಅಧ್ಯಾಯ ಸೇರಿತು. ನಮ್ಮೂರಿನ ಸಂಸ್ಥೆಯೊಂದರ ಸ್ಮರಣ ಸಂಚಿಕೆಗೆ ಮುಖಪುಟ ಬೇಕಾಗಿತ್ತು. ನನ್ನ ಚಿತ್ರಗಳನ್ನು ನೋಡಿದ ಸ್ನೇಹಿತರು ಆ ಐದನೆಯ ಚಿತ್ರವನ್ನೇ ಹಿಡಿದು, "ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ ಸ್ವಾಮಿ, ಕೆಳಗೆ 'ಅನಿತ್ಯ' ಅಂತ ಒಂದೇ ಮಾತು ಹಾಕಿಬಿಡೋಣ" ಎಂದರು. ನನಗೂ ಆಸೆಯಾಯಿತು. ಅಷ್ಟು ದೂರದ ಮನುಷ್ಯ, ಈ ಸಂಚಿಕೆಯನ್ನು ಎಂದೂ ನೋಡಲಾರ, ಆಶಯವೋ ಉದಾತ್ತವಾದುದು. ರಾತ್ರಿ ಊಟದ ಹೊತ್ತಿನಲ್ಲಿ ಪತ್ನಿಗೆ ಹೇಳಿದೆ. ಅವಳು ಬಡಿಸುವುದನ್ನು ನಿಲ್ಲಿಸದೆ, "ರೀ, ಅವನ ನಷ್ಟಕ್ಕೆ ಹೆಸರಿಡೋದಕ್ಕೆ ನಾವು ಯಾರು? ಅನಿತ್ಯ ಅನ್ನೋದು ಅವನಿಗೆ ನಮಗಿಂತ ಮೊದಲೇ ಗೊತ್ತಿತ್ತಲ್ಲ, ಗೊತ್ತಿದ್ದೇ ಕೆತ್ತಿದ್ದ" ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಬ್ಬ ಮನುಷ್ಯನ ಸಂಕಟವನ್ನು ನಮ್ಮ ತತ್ತ್ವಕ್ಕೆ ದೃಷ್ಟಾಂತವಾಗಿ ಬಳಸಿಕೊಳ್ಳುವುದು ಅವನನ್ನು ವಸ್ತುವಾಗಿಸಿದಂತೆಯೇ ಸರಿ. ತತ್ತ್ವ ಎಷ್ಟು ದೊಡ್ಡದಾದರೂ ಈ ದೋಷ ಸಣ್ಣದಾಗುವುದಿಲ್ಲ. ಅವನು ನೋಡಲಾರನೆಂಬುದು ನಮ್ಮ ಹೊಣೆಯನ್ನು ಕಡಿಮೆಮಾಡದು, ಹೆಚ್ಚಿಸುತ್ತದೆ. ಏಕೆಂದರೆ ಬೇಡವೆನ್ನುವ ಅವಕಾಶವೂ ಅವನಿಗೆ ಇಲ್ಲ. ಸಂಚಿಕೆಗೆ ನಾನು ಗೂಡಿನಲ್ಲಿ ಕುಳಿತ ಹಕ್ಕಿಯ ಚಿತ್ರವನ್ನೂ ಅಚ್ಚು ಹಾಕಲು ಕೊಡಲಿಲ್ಲ. ಶಿಲ್ಪ ಅವನದಾದ್ದರಿಂದ ಅದಕ್ಕೂ ಅವನ ಒಪ್ಪಿಗೆ ಬೇಕೆನಿಸಿತು. ಕೊಟ್ಟದ್ದು ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಸಂಜೆಯ ಬೆಳಕು ಬಿದ್ದ ಒಂದು ಸಾಧಾರಣ ಚಿತ್ರವನ್ನು. ಸ್ನೇಹಿತರಿಗೆ ಸ್ವಲ್ಪ ನಿರಾಶೆಯಾಯಿತು.

ಇಷ್ಟನ್ನು ಬರೆದ ಮೇಲೆ ಆ ಐದನೆಯ ಚಿತ್ರವನ್ನು ಅಳಿಸಿಬಿಟ್ಟೆ ಎಂದು ಹೇಳಿದರೆ ಲೇಖನ ಚೆನ್ನಾಗಿ ಮುಗಿಯುತ್ತದೆ. ಆದರೆ ಅದು ಸುಳ್ಳಾಗುತ್ತದೆ. ಇನ್ನೂ ಅಳಿಸಿಲ್ಲ. ಎರಡು ಬಾರಿ ಬೆರಳು ಅಲ್ಲಿಯವರೆಗೆ ಹೋಗಿ ಹಿಂದೆ ಬಂದಿದೆ. ನಾನು ತೆಗೆದ ಚಿತ್ರಗಳಲ್ಲೆಲ್ಲ ಅದು ಶ್ರೇಷ್ಠವೆಂಬ ಮೋಹ ಬಿಡಲೊಲ್ಲದು. ಹಗಲಿರುಳು ಕೆತ್ತಿದ ಹಕ್ಕಿಯನ್ನು ಅವನು ಬಿಸಿಲಿಗೆ ಒಪ್ಪಿಸಿ ಬರಿಗೈಯಲ್ಲಿ ಊರಿಗೆ ಹೋದನು. ಕ್ಷಣಾರ್ಧದಲ್ಲಿ ತೆಗೆದದ್ದನ್ನು ಬಿಡಲು ನನಗೆ ಆಗುತ್ತಿಲ್ಲ. ನಮ್ಮಿಬ್ಬರಲ್ಲಿ ಅನಿತ್ಯವನ್ನು ಅರಿತವನು ಯಾರೆಂಬುದನ್ನು ಸಹೃದಯ ವಾಚಕರೇ ನಿರ್ಣಯಿಸಲಿ. ಮುಂದಿನ ಸಲ ಅವರ ಕೈಯಲ್ಲಿ ಕ್ಯಾಮೆರಾ ಇದ್ದು, ಎದುರಿನಲ್ಲಿ 'ಇದು ಬೇಡ' ಎನ್ನುವ ಒಂದು ಮುಖ ಕಂಡಾಗ, ನಾನು ಮಾಡಿದಂತೆ ಬೇರೆಡೆಗೆ ತಿರುಗದೆ, ಒಂದು ಹೆಜ್ಜೆ ಮುಂದೆ ಹೋಗಿ ಕೇಳುವಂತಾದರೆ ಈ ಬರಹ ಸಾರ್ಥಕ.